ರಾತ್ರಿ ಮೂರು ಗಂಟೆಗೆ ಬರುವ ಫೋನು

ಲಾರಿ, ಲೋಡು, ರಸ್ತೆ ಬಗ್ಗೆ ಓದುಗರು ಕೇಳಿದ್ದಕ್ಕೆ, 22 ವರ್ಷ ಲಾರಿ ಓಡಿಸಿ ಈಗ ಪೀಣ್ಯದಲ್ಲಿ ನೆಲೆಸಿರುವ ಅಣ್ಣನ ಉತ್ತರ

ಪ್ರಶ್ನೆ: ನನ್ನ ಗಂಡ ಬೆಂಗಳೂರಿನಿಂದ ಮುಂಬೈ ಹತ್ತಿರದ ಭಿವಂಡಿಗೆ ಹೋಗುವ ಲೈನಿನಲ್ಲಿ ಹತ್ತು ಚಕ್ರದ ಲಾರಿ ಓಡಿಸುತ್ತಾರೆ. ಒಬ್ಬರೇ ಡ್ರೈವರ್. ರಾತ್ರಿ ಎರಡು, ಮೂರು ಗಂಟೆಗೆ ಫೋನ್ ಮಾಡಿ, "ನಿದ್ದೆ ಎಳೀತಿದೆ, ಏನಾದ್ರೂ ಮಾತಾಡ್ತಾ ಇರು" ಅನ್ನುತ್ತಾರೆ. ನಾನೂ ಎದ್ದು ಕೂತು ಮಗಳ ಸ್ಕೂಲು, ಮನೆ ಬಾಡಿಗೆ ಅಂತ ಗಂಟೆಗಟ್ಟಲೆ ಮಾತಾಡುತ್ತೇನೆ. ನಿಲ್ಲಿಸಿದರೆ ಏನಾಗುತ್ತೋ ಅಂತ ಭಯ. ನಾನು ಮಾಡ್ತಿರೋದು ಸರೀನಾ ಅಣ್ಣ?
– ಓದುಗ ತಂಗಿ, ಲಗ್ಗೆರೆ

ಉತ್ತರ: ಇದನ್ನು ನಿಲ್ಲಿಸಿಬಿಡಿ ತಂಗಿ, ಇವತ್ತು ರಾತ್ರಿಯಿಂದಲೇ. ಅವರನ್ನು ಉಳಿಸಿಕೊಳ್ಳಬೇಕು ಅಂತಲೇ ನೀವು ನಿದ್ದೆಗೆಟ್ಟು ಕೂತಿದ್ದೀರಿ, ಅದು ನನಗೆ ಗೊತ್ತು, ನನ್ನ ಹೆಂಡತಿಯೂ ಹೀಗೇ ಕೂರುತ್ತಿದ್ದಳು. ಆದರೆ ಮಾತಿಗೆ ನಿದ್ದೆ ಹೋಗುವುದಿಲ್ಲ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮೈ ನಿದ್ದೆ ಕೇಳುವ ಹೊತ್ತು, ಎಷ್ಟು ವರ್ಷ ರಾತ್ರಿ ಗಾಡಿ ಓಡಿಸಿದರೂ ಮೈ ಅದನ್ನು ಮರೆಯುವುದಿಲ್ಲ. ಈ ಕಡೆ ಹೂಂ, ಹೂಂ ಅನ್ನುತ್ತಲೇ ಆ ಕಡೆ ಕಣ್ಣು ಮುಚ್ಚಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರೇ ಸೆಕೆಂಡ್ ಕಣ್ಣು ಮುಚ್ಚಿದರೂ ಲಾರಿ 50 ಮೀಟರ್ ಮುಂದೆ ಹೋಗಿರುತ್ತದೆ.

ನನಗೂ ಆಗಿದೆ. ನಾಸಿಕ್ ಕಡೆಯ ಈರುಳ್ಳಿ ತುಂಬಿಕೊಂಡು ಯಶವಂತಪುರ ಯಾರ್ಡಿಗೆ ಬರ್ತಿದ್ದೆ. ಬೆಳಗಾಗೋ ಹೊತ್ತಿಗೆ ಮುಟ್ಟಲೇಬೇಕು ಅಂತ ಪಾರ್ಟಿ, ಅಂದರೆ ಸರಕಿನವರು, ದಾರಿಯುದ್ದಕ್ಕೂ ಫೋನ್ ಮಾಡ್ತಾನೇ ಇದ್ದರು. ಚಿತ್ರದುರ್ಗ ದಾಟಿದ್ದು ನೆನಪಿದೆ. ಹಿರಿಯೂರು ಹತ್ತಿರ ಕ್ಲೀನರ್ ಹುಡುಗ ಕಿರುಚಿದ್ದು ನೆನಪಿದೆ. ನಡುವಿನ ರಸ್ತೆ ಇವತ್ತಿಗೂ ನೆನಪಿಗೆ ಬರುವುದಿಲ್ಲ. ಎಡಗಡೆ ಚಕ್ರ ಮಣ್ಣಿಗೆ ಇಳಿದಿತ್ತು, ಎದುರಿಗೆ ಕೆಟ್ಟು ನಿಂತಿದ್ದ ಇನ್ನೊಂದು ಲಾರಿ. ಆ ಹುಡುಗ ಎಚ್ಚರ ಇದ್ದದ್ದಕ್ಕೆ ನಾನು ಈ ಉತ್ತರ ಬರೀತಿದ್ದೇನೆ. ನಿಮ್ಮ ಯಜಮಾನರ ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ ಅಲ್ವಾ?

ಹಾಗಾಗಿ ಇನ್ನು ಮುಂದೆ ಆ ಫೋನ್ ಬಂದರೆ ಒಂದೇ ಮಾತು ಕೇಳಿ: "ಮುಂದಿನ ಬಂಕ್ ಎಷ್ಟು ದೂರ?" ಅಲ್ಲಿ ಗಾಡಿ ಹಾಕಿ, ಒಂದು ಟೀ ಕುಡಿದು, ಕೂಡಲೇ 20–30 ನಿಮಿಷ ಮಲಗಲಿ. ಟೀ ಕೆಲಸ ಮಾಡೋಕೆ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು, ಏಳುವಾಗ ಎರಡೂ ಸೇರಿ ಸಹಾಯ ಆಗುತ್ತದೆ. ಇದು ಪೂರ್ತಿ ನಿದ್ದೆಗೆ ಬದಲಿ ಅಲ್ಲ, ತೀರಾ ಸುಸ್ತಾಗಿದ್ದರೆ ಬೆಳಗಾಗುವವರೆಗೆ ಅಲ್ಲೇ ಮಲಗಿಬಿಡಲಿ. ಆದರೆ ಹೈವೇ ಅಂಚಿನಲ್ಲಿ ಮಾತ್ರ ಗಾಡಿ ನಿಲ್ಲಿಸುವುದು ಬೇಡ. ಕತ್ತಲಲ್ಲಿ ನಿಂತ ಲಾರಿಗೆ ಹಿಂದಿನಿಂದ ಬಂದು ಗುದ್ದಿದ್ದನ್ನು ನಾನು ಲೆಕ್ಕ ಇಡಲಾರದಷ್ಟು ಸಲ ನೋಡಿದ್ದೇನೆ. ಗಾಡಿ ಕೆಟ್ಟು ರಾಷ್ಟ್ರೀಯ ಹೆದ್ದಾರಿಯಲ್ಲೇ ನಿಂತರೆ 1033ಕ್ಕೆ ಫೋನ್ ಮಾಡಲಿ, ಈ ನಂಬರ್ ಅವರ ಮೊಬೈಲಿಗೆ ನೀವೇ ಹಾಕಿಕೊಡಿ.

"ನಿಂತರೆ ಲೇಟ್ ಆಗುತ್ತೆ, ಇ-ವೇ ಬಿಲ್ ಮುಗಿಯುತ್ತೆ" ಅಂತ ಅವರು ಹೇಳಬಹುದು. ಲೆಕ್ಕ ಹಾಕಿ ತೋರಿಸಿ. ಇ-ವೇ ಬಿಲ್ ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದ, ಅದರ ಪ್ರಕಾರ 200 ಕಿ.ಮೀ.ಗೆ ಒಂದು ದಿನ. ಭಿವಂಡಿಗೆ ಸುಮಾರು 1,000 ಕಿ.ಮೀ., ಅಂದರೆ ಐದು ದಿನ ಸಿಗುತ್ತದೆ. ಅದೂ ಸಾಲದಿದ್ದರೆ, ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಲು ಅವಕಾಶ ಇದೆ. ಕಾಗದ ಯಾರನ್ನೂ ಓಡಿಸುತ್ತಿಲ್ಲ ತಂಗಿ, ಓಡಿಸುತ್ತಿರುವುದು ಓನರ್ ಮತ್ತು ಪಾರ್ಟಿ. ಟ್ರಿಪ್ ಲೆಕ್ಕದಲ್ಲಿ ಬಾಟಾ (ಭತ್ಯೆ) ಕೊಟ್ಟರೆ ಡ್ರೈವರ್ ತಾನೇ ತನ್ನ ನಿದ್ದೆ ಕದಿಯುತ್ತಾನೆ. ಗೋಡೌನ್ ಮುಂದೆ ಅನ್‌ಲೋಡಿಗೆ ಕಾದ ಒಂದು ದಿನಕ್ಕೆ ಯಾರೂ ಕಾಸು ಕೊಡುವುದಿಲ್ಲ, ಆ ದಿನವನ್ನು ರಸ್ತೆ ಮೇಲೆ ಉಳಿಸೋಕೆ ಹೋಗುತ್ತಾನೆ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ, 5 ಗಂಟೆ ಆದ ಮೇಲೆ ಅರ್ಧ ಗಂಟೆ ಬಿಡುವು ಅಂತ ಬರೆದಿತ್ತು. ನಾನು ಕೆಲಸ ಮಾಡಿದ ಯಾವ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೂ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅದು ನನಗೆ ಇವತ್ತಿಗೂ ಸಿಟ್ಟು. ಇಷ್ಟು ದೂರದ ಲೈನಿಗೆ ಎರಡನೇ ಡ್ರೈವರ್ ಕೇಳುವುದು ತಪ್ಪಲ್ಲ, ಕೇಳಲಿ.

ಇನ್ನೊಂದು ವಿಷಯ. ಮನೆಗೆ ಬಂದು ಮಲಗಿದಾಗ ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರೇ ನಿಂತ ಹಾಗೆ ಆಗಿ ಮತ್ತೆ ಗಕ್ಕನೆ ಶುರುವಾಗುತ್ತಾ ನೋಡಿ. ಹಾಗಿದ್ದರೆ ಎಷ್ಟು ಮಲಗಿದರೂ ನಿದ್ದೆ ಸಾಲುವುದಿಲ್ಲ, ಡಾಕ್ಟರಿಗೆ ತೋರಿಸಲೇಬೇಕು.

ಪ್ರಶ್ನೆ: ನನಗೆ 19 ವರ್ಷ. ಕಾರ್ ಲೈಸೆನ್ಸ್ ಬಂದು ಎಂಟು ತಿಂಗಳಾಯಿತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಲಾರಿ ಡ್ರೈವರ್ ಆಗಬಹುದಾ?
– ಓದುಗ ತಮ್ಮ, ನೆಲಮಂಗಲ

ಉತ್ತರ: ಆಗಬಹುದು, ಸ್ವಲ್ಪ ತಡ್ಕೋ. ಸಾರಿಗೆ ವಾಹನಕ್ಕೆ 20 ತುಂಬಿರಬೇಕು, ಕಾರ್ ಲೈಸೆನ್ಸಿಗೆ ಒಂದು ವರ್ಷ ಆಗಿರಬೇಕು. ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮ ಇತ್ತು, 2019ರಲ್ಲಿ ತೆಗೆದರು, ಆ ಚಿಂತೆ ಬಿಡು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಬೇಕಾಗುತ್ತದೆ, ಅದನ್ನು ದುಡ್ಡು ಕೊಟ್ಟು ಬರೀ ಕಾಗದವಾಗಿ ತರಬೇಡ, ಹೋಗಿ ಕಲಿ.

ಅಲ್ಲಿಯವರೆಗೆ ಒಳ್ಳೆಯ ಡ್ರೈವರ್ ಜೊತೆ ಕ್ಲೀನರ್ ಆಗಿ ಹೋಗು. ಟಾರ್ಪಾಲು ಕಟ್ಟೋದು, ಹಗ್ಗ ಬಿಗಿಯೋದು, ಟೈರ್ ತಟ್ಟಿ ಗಾಳಿ ನೋಡೋದು, ಇವೆಲ್ಲ ಸೀಟಿನಲ್ಲಿ ಕೂತು ಬರುವ ವಿದ್ಯೆ ಅಲ್ಲ. ಶಿರಾಡಿ ಘಾಟ್ ಇಳಿಯುವಾಗ ಡೀಸೆಲ್ ಉಳಿಸೋಕೆ ನ್ಯೂಟ್ರಲ್ ಹಾಕೋ ಡ್ರೈವರ್ ಸಿಕ್ಕರೆ ಮುಂದಿನ ಊರಲ್ಲೇ ಇಳಿದುಬಿಡು. ಚಿಕ್ಕ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಬೇಕು, ಬರೀ ಬ್ರೇಕ್ ನಂಬಿದರೆ ಅದು ಕಾದು ಕಾದು ಕೊನೆಗೆ ಹಿಡಿಯುವುದೇ ಇಲ್ಲ.

ಪ್ರಶ್ನೆ: ನಮ್ಮ ಬೀದಿಯಲ್ಲಿ ಹಗಲೆಲ್ಲಾ ಹೊರ ರಾಜ್ಯದ ಲಾರಿಗಳು ನಿಂತಿರುತ್ತವೆ. ಡ್ರೈವರ್‌ಗಳು ಸುಮ್ನೆ ಮಲಗಿರುತ್ತಾರೆ. ಯಾರಿಗೆ ದೂರು ಕೊಡಬೇಕು?
– ಹಿರಿಯ ನಾಗರಿಕರು, ಯಶವಂತಪುರ

ಉತ್ತರ: ಸುಮ್ನೆ ಮಲಗಿಲ್ಲ ಸರ್. ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಹಗಲು ಹೊತ್ತು ದೊಡ್ಡ ಗಾಡಿಗೆ ನೋ ಎಂಟ್ರಿ. ರಾತ್ರಿ ಬಿಡುವವರೆಗೆ ಅವರು ಎಲ್ಲಾದರೂ ನಿಲ್ಲಲೇಬೇಕು, ರಾತ್ರಿ ಓಡಿಸಬೇಕಾದರೆ ಹಗಲು ಮಲಗಲೇಬೇಕು. ಗೇಟಿಗೆ ಅಡ್ಡ ನಿಂತಿದ್ದರೆ ಎಬ್ಬಿಸಿ, ಖಂಡಿತ ತೆಗೆಯುತ್ತಾರೆ. ದೂರು ಕೊಡುವುದಾದರೆ ಟ್ರಾಫಿಕ್ ಪೊಲೀಸರಿಗೂ ಪಾಲಿಕೆಗೂ ಬರೆದು, ಲಾರಿ ನಿಲ್ಲಿಸೋಕೆ ಜಾಗ, ಜೊತೆಗೆ ಶೌಚಾಲಯ, ಸ್ನಾನಕ್ಕೆ ನೀರು ಇರುವ ಜಾಗ ಕೊಡಿ ಅಂತ ಕೇಳಿ. ನಿಮ್ಮ ಬೀದಿಯವರೆಲ್ಲಾ ಸಹಿ ಹಾಕಿದರೆ ಆ ಕಾಗದದಲ್ಲಿ ನನ್ನದೂ ಒಂದು ಸಹಿ ಇರಲಿ, ಹೇಳಿ ಕಳಿಸಿ, ಬಂದು ಹಾಕುತ್ತೇನೆ.