ಸೂರು ಬಾಗಿದೆ, ಶಿಖರ ವಾಲಿದೆ: ವೈಡ್ ಆ್ಯಂಗಲ್ ಫೋಟೊ ಸರಿ ಮಾಡೋದು ಹೇಗೆ?

ಪ್ರಶ್ನೆ: ಮನೆಯವರೆಲ್ಲ ಸೋಮನಾಥಪುರಕ್ಕೆ ಹೋಗಿದ್ದೆವು. ಕ್ರಾಪ್ ಸೆನ್ಸರ್ ಕ್ಯಾಮೆರಾಗೆ 10-18 ಎಂ.ಎಂ. ಲೆನ್ಸ್ ಹಾಕಿ, ಅದರ ಅತಿ ಅಗಲದ ನೋಟವಾದ 10ರಲ್ಲಿ ಇಡೀ ಕೇಶವ ದೇವಸ್ಥಾನ ಬರುವ ಹಾಗೆ ತೆಗೆದೆ. ಅಂಗಳದ ಸುತ್ತಲಿನ ಕೈಸಾಲೆಯ (ಕಂಬಗಳ ಮೊಗಸಾಲೆ) ಸೂರು ಬಿಲ್ಲಿನ ಹಾಗೆ ಬಾಗಿದೆ. ಶಿಖರಗಳು ಹಿಂದಕ್ಕೆ ವಾಲಿವೆ. ಅಂಚಿನಲ್ಲಿ ನಿಂತಿದ್ದ ಅತ್ತೆಯ ಮುಖ ಅಗಲವಾಗಿದೆ. ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ಡಿಸ್ಟಾರ್ಷನ್ ಸ್ಲೈಡರ್ ಎಳೆದೆ. ಸೂರು ನೆಟ್ಟಗಾಯಿತು, ಅತ್ತೆಯ ಮುಖ ಇನ್ನೂ ಹಿಗ್ಗಿತು. ಏನು ಮಾಡಲಿ?
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಫೋಟೊದಲ್ಲಿ ಇರುವುದು ಒಂದು ತೊಂದರೆಯಲ್ಲ, ಮೂರು. ಒಂದೊಂದಕ್ಕೂ ಕಾರಣ ಬೇರೆ. ಎಲ್ಲವನ್ನೂ ಒಂದೇ ಸ್ಲೈಡರ್‌ನಿಂದ ಸರಿ ಮಾಡಲು ಹೋದದ್ದಕ್ಕೆ ಹೀಗಾಗಿದೆ.

ಸೂರು ಬಾಗಿರುವುದು ಲೆನ್ಸಿನ ದೋಷ. ನೆಟ್ಟಗಿನ ಗೆರೆ ಪೀಪಾಯಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬುವುದರಿಂದ ಇದನ್ನು ಬ್ಯಾರೆಲ್ ಡಿಸ್ಟಾರ್ಷನ್ ಎನ್ನುತ್ತಾರೆ. ಯಾವ ಲೆನ್ಸ್ ಎಷ್ಟು ಬಾಗಿಸುತ್ತದೆ ಎಂದು ಅಳೆದಿಟ್ಟ ಪ್ರೊಫೈಲ್‌ಗಳು ಲೈಟ್‌ರೂಮ್‌ನಲ್ಲೇ ಇವೆ. ಸುಮ್ನೆ ಅಂದಾಜಿನಲ್ಲಿ ಸ್ಲೈಡರ್ ಎಳೆಯಬೇಡಿ, 'ಎನೇಬಲ್ ಪ್ರೊಫೈಲ್ ಕರೆಕ್ಷನ್ಸ್'ಗೆ ಟಿಕ್ ಹಾಕಿ. ದುಡ್ಡು ಕೊಡದೆ ಆಗಬೇಕೆಂದರೆ ಡಾರ್ಕ್‌ಟೇಬಲ್ ಇದೆ. ಅದಕ್ಕೆ ಈ ಅಳತೆಗಳು ಲೆನ್ಸ್‌ಫನ್ ಎಂಬ ಉಚಿತ ಲೆನ್ಸ್ ಮಾಹಿತಿ ಸಂಗ್ರಹದಿಂದ ಸಿಗುತ್ತವೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲ್) ಇದ್ದರೆ ಅದರಲ್ಲೇ ಮಾಡಿ. ಜೆಪೆಗ್ ಆದರೆ ಕ್ಯಾಮೆರಾವೇ ಒಮ್ಮೆ ಸರಿ ಮಾಡಿ ಕೊಟ್ಟಿರಬಹುದು. ಅದರ ಮೇಲೆ ಮತ್ತೊಮ್ಮೆ ಮಾಡಿದರೆ ಗೆರೆ ಒಳಕ್ಕೆ ಬಾಗುತ್ತದೆ.

ಇದಾದ ಮೇಲೆಯೇ ಶಿಖರ. ಅದು ವಾಲಿರುವುದು ನೀವು ಕ್ಯಾಮೆರಾ ಮೇಲಕ್ಕೆತ್ತಿದ್ದರಿಂದ. ಲೈಟ್‌ರೂಮ್‌ನ 'ಟ್ರಾನ್ಸ್‌ಫಾರ್ಮ್'ನಲ್ಲಿ 'ಗೈಡೆಡ್' ಆರಿಸಿ ಎಡಕ್ಕೊಂದು, ಬಲಕ್ಕೊಂದು ಗೆರೆ ಎಳೆಯಬೇಕು. ಇಲ್ಲಿ ತುಂಬಾ ಜನ ಶಿಖರದ ಅಂಚನ್ನೇ ಹಿಡಿದು ಗೆರೆ ಎಳೆಯುತ್ತಾರೆ. ಹೊಯ್ಸಳ ಶಿಖರ ಮೇಲೆ ಹೋದಂತೆ ಕಿರಿದಾಗುವಂಥದ್ದು, ಅಲ್ವಾ? ಅದನ್ನು ನೆಟ್ಟಗೆ ನಿಲ್ಲಿಸಿದರೆ ದೇವಸ್ಥಾನದ ರೂಪವೇ ಕೆಡುತ್ತದೆ. ಕೈಸಾಲೆಯ ಕಂಬ ಹಿಡಿಯಿರಿ. ಆ ಕಂಬಗಳೂ ತಿರುಗಣೆಯಲ್ಲಿ ಕಡೆದವು, ಅಂಚು ಒಂದೇ ಸಮ ಇರುವುದಿಲ್ಲ. ಹಾಗಾಗಿ ಬುಡದ ನಡುವಿನಿಂದ ತಲೆಯ ನಡುವಿಗೆ ಎಳೆಯಿರಿ. ಆಮೇಲೆ 'ವರ್ಟಿಕಲ್' ಸ್ಲೈಡರ್ ಸ್ವಲ್ಪ ಹಿಂದಕ್ಕೆ ತಂದು ಒಂದಿಷ್ಟು ವಾಲು ಉಳಿಸಿ. ತಲೆಯೆತ್ತಿ ನೋಡುವಾಗ ಕಣ್ಣಿಗೆ ಕಾಣುವುದೂ ಹಾಗೆಯೇ. ಪೂರ್ತಿ ನೆಟ್ಟಗೆ ಮಾಡಿದರೆ ಮೇಲ್ಭಾಗ ಭಾರವಾಗಿ ಮುಂದಕ್ಕೆ ಬೀಳುವ ಹಾಗೆ ಕಾಣುತ್ತದೆ.

ಇನ್ನು ಅತ್ತೆಯ ಮುಖ. ಇದು ಲೆನ್ಸಿನ ದೋಷವೂ ಅಲ್ಲ. ಅಷ್ಟು ಅಗಲದ ನೋಟವನ್ನು ಚಪ್ಪಟೆ ಸೆನ್ಸರ್ ಮೇಲೆ ನೆಟ್ಟಗಿನ ಗೆರೆಗಳೊಂದಿಗೆ ಹರಡಿದರೆ ಅಂಚಿನಲ್ಲಿರುವ ಚೆಂಡು ಮೊಟ್ಟೆಯಾಗಲೇಬೇಕು. ನಿಮ್ಮ ಕ್ಯಾಮೆರಾದಲ್ಲಿ 10 ಎಂ.ಎಂ.ಗೆ ಅಂಚಿನ ಮುಖದ ಅಗಲ ಸುಮಾರು ಒಂದೂವರೆ ಪಟ್ಟಾಗುತ್ತದೆ. 18ರಲ್ಲಿ ಐದರಲ್ಲೊಂದು ಭಾಗದಷ್ಟೂ ಹಿಗ್ಗುವುದಿಲ್ಲ. ಸೂರು ನೆಟ್ಟಗಾದಾಗ ಮುಖ ಇನ್ನೂ ಹಿಗ್ಗಿದ್ದು ಇದಕ್ಕೇ. ಉಬ್ಬನ್ನು ತೆಗೆಯಲು ಸಾಫ್ಟ್‌ವೇರ್ ಅಂಚನ್ನು ಹೊರಕ್ಕೆ ಎಳೆಯುತ್ತದೆ, ಜೊತೆಗೆ ಮುಖವೂ ಎಳೆದುಹೋಗುತ್ತದೆ.

ಡಿಎಕ್ಸ್‌ಒ ವ್ಯೂಪಾಯಿಂಟ್ ಎಂಬ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಒಂದು ಸೌಲಭ್ಯವಿದೆ. ಆದರೆ ಮುಖ ಸರಿಹೋದಷ್ಟೂ ಹಿಂದಿನ ಸೂರು ಮತ್ತೆ ಬಾಗುತ್ತದೆ. ನಾನಾದರೆ ಫೋಟೊಶಾಪ್‌ನಲ್ಲಿ ಅತ್ತೆ ಇರುವಷ್ಟು ಭಾಗವನ್ನು ಬೇರೆ ಲೇಯರ್‌ಗೆ ತೆಗೆದು, 'ಫ್ರೀ ಟ್ರಾನ್ಸ್‌ಫಾರ್ಮ್'ನಲ್ಲಿ ಅಗಲ ಕುಗ್ಗಿಸುತ್ತೇನೆ. ಹಿಂದೆ ಹುಲ್ಲೋ ಆಕಾಶವೋ ಇದ್ದರೆ ಗೊತ್ತೇ ಆಗುವುದಿಲ್ಲ. ಕಂಬ ಇದ್ದರೆ ಕೆಲಸ ಜಾಸ್ತಿ.

ಎಷ್ಟೇ ಜಾಣತನದಿಂದ ಮಾಡಿದರೂ ಅಂಚು ಕತ್ತರಿಸಿಹೋಗುತ್ತದೆ. ಇದೇ ಅಂಗಳದಲ್ಲಿ ನಾನೊಮ್ಮೆ ಶಿಖರದ ತುದಿ ಫ್ರೇಮಿಗೆ ತಾಗುವ ಹಾಗೆ ತೆಗೆದಿದ್ದೆ. ಗೆರೆಗಳೆಲ್ಲ ನೆಟ್ಟಗಾದವು, ಶಿಖರದ ತುದಿಯೇ ಹೋಯಿತು. ಮುಂದಿನ ಸಲ ಅಂಗಳದ ಮೂಲೆಗೆ ಹೋಗಿ ಕೈಸಾಲೆಗೆ ಬೆನ್ನು ಕೊಟ್ಟು ನಿಲ್ಲಿ. ಕ್ಯಾಮೆರಾ ಎತ್ತದೆ ಸಮವಾಗಿ ಹಿಡಿಯಿರಿ. ಕೆಳಗೆ ನೆಲ ಜಾಸ್ತಿ ಬಂದರೆ ಬರಲಿ, ಆಮೇಲೆ ಕ್ರಾಪ್ ಮಾಡಬಹುದು. ಅತ್ತೆಯನ್ನು ನಡುವಿಗೆ ಕರೆಯಿರಿ.