ಅವರಿಗೆ ಊರಿಗೆ ವಾಪಸ್, ನನಗೆ ಹೊಸ ಊರು

ಆತ್ಮೀಯರೇ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಮಾತ್ರ ಹೇಳುತ್ತೇನೆ. ನೀವು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೀರಿ. ಯಜಮಾನರು ತೀರ್ಥಹಳ್ಳಿ ಕಡೆಯವರು, ಸಾಫ್ಟ್‌ವೇರ್ ಕೆಲಸ, ಮನೆಯಿಂದಲೇ ಮಾಡಬಹುದು. ಮಗಳು ಮೂರನೇ ಕ್ಲಾಸು. 'ಈ ಟ್ರಾಫಿಕ್ ಸಾಕು, ಶಿವಮೊಗ್ಗಕ್ಕೆ ಹೋಗಿಬಿಡೋಣ' ಅಂತ ಅವರು ಒಂದು ವರ್ಷದಿಂದ ಹೇಳುತ್ತಿದ್ದಾರೆ. ಮನೆಯವರೆಲ್ಲ ಹೂಂ ಅಂದಿದ್ದಾರೆ. ಪತ್ರದ ಕೊನೆಯಲ್ಲಿ ನೀವು ಬರೆದ ಸಾಲು ನನ್ನನ್ನು ಎರಡು ದಿನ ಬಿಡಲಿಲ್ಲ: 'ಅವರಿಗೆ ಇದು ಊರಿಗೆ ವಾಪಸ್ ಹೋಗುವುದು, ನನಗೆ ಹೊಸ ಊರು. ಇದನ್ನು ಅವರಿಗೆ ಹೇಗೆ ಹೇಳಲಿ?'

ಇದೇ ಮಾತಲ್ಲಿ ಹೇಳಿ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ನಾನು ಶಿವಮೊಗ್ಗಕ್ಕೆ ಬಂದಿದ್ದು 2009ರಲ್ಲಿ. ನಮ್ಮವರಿಗೆ ಇದು ಓದಿದ ಊರು. ಗಾಂಧಿ ಬಜಾರಿಗೆ ಕಾಲಿಟ್ಟರೆ ನಾಲ್ಕು ಜನ 'ಏನೋ ಮಾರಾಯ, ಯಾವಾಗ ಬಂದೆ?' ಅಂತ ನಿಲ್ಲಿಸೋರು. ಆಮೇಲೆ ನನ್ನ ಕಡೆ ತಿರುಗಿ 'ಇವರು ಮನೆಯವರಾ?' ಅಷ್ಟೇ. ಮೊದಲ ವರ್ಷವೆಲ್ಲ ನನಗೆ ಹೆಸರೇ ಇರಲಿಲ್ಲ. ಬೆಂಗಳೂರಿನಲ್ಲಿ ಯಾರೂ ನಮ್ಮನ್ನು ಗುರುತಿಸುವುದಿಲ್ಲ ಅಂತ ಗೊಣಗುತ್ತಿದ್ದವಳು ನಾನೇ. ಇಲ್ಲಿ ಎಲ್ಲರೂ ಗುರುತಿಸುತ್ತಿದ್ದರು, ಆದರೆ ಇಂಥವರ ಹೆಂಡತಿ ಅಂತ. ಅದು ಬೇರೆಯೇ ಸಂಕಟ. ಯಾರದೂ ತಪ್ಪಲ್ಲ, ಯಾರೂ ಕೆಟ್ಟವರಲ್ಲ. ಸಣ್ಣ ಊರು ಮನುಷ್ಯರನ್ನು ನೆಂಟಸ್ತಿಕೆಯಿಂದ ನೆನಪಿಟ್ಟುಕೊಳ್ಳುತ್ತದೆ. ನಿಮ್ಮನ್ನೂ 'ತೀರ್ಥಹಳ್ಳಿ ಕಡೆಯವರ ಸೊಸೆ' ಅಂತಲೇ ಕರೆಯುತ್ತಾರೆ, ಅದಕ್ಕೆ ತಯಾರಾಗಿರಿ.

ಅದಕ್ಕೇ ನನ್ನ ಮೊದಲ ಮಾತು: ನಿಮ್ಮದು ಅಂತ ಒಂದು ಕೆಲಸ ಗೊತ್ತಾಗುವವರೆಗೆ ಮನೆ ಸಾಮಾನು ಕಟ್ಟಬೇಡಿ. ನಿಮ್ಮ ವಿದ್ಯೆಗೆ ಇಲ್ಲಿ ಬೆಲೆ ಇದೆ. ಇದು ಅಡಿಕೆ ವ್ಯಾಪಾರದ ಊರು. ಮಂಡಿಗಳಿವೆ, ಮಾಮ್ಕೋಸ್‌ನಂಥ ಸಹಕಾರಿ ಸಂಸ್ಥೆ ಇದೆ, ಆಡಿಟರ್ ಆಫೀಸುಗಳು, ನರ್ಸಿಂಗ್ ಹೋಮ್‌ಗಳಿವೆ. ಜಿಎಸ್‌ಟಿ ಲೆಕ್ಕ ನೀಟಾಗಿ ಇಡಬಲ್ಲವರು ಎಲ್ಲ ಕಡೆಯೂ ಬೇಕು. ಸಂಬಳ ಮಾತ್ರ ಬೆಂಗಳೂರಿನಷ್ಟು ಸಿಗುವುದಿಲ್ಲ. ಆ ಕಡಿಮೆ ಸಂಬಳದ ಕೆಲಸವನ್ನೂ ಬಿಡಬೇಡಿ. 'ಯಜಮಾನರ ದುಡಿಮೆ ಸಾಕಲ್ವಾ, ನೀನ್ಯಾಕೆ ಒದ್ದಾಡ್ತೀಯ?' ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ನಾನು ಆ ಮಾತು ಕೇಳಿ ಎಂಟು ತಿಂಗಳು ಸುಮ್ನೆ ಮನೆಯಲ್ಲಿ ಕೂತೆ. ಇವತ್ತಿಗೂ ಆ ಎಂಟು ತಿಂಗಳ ಬಗ್ಗೆ ನನಗೆ ಬೇಜಾರಿದೆ.

ಎರಡನೆಯದು, ಬೆಂಗಳೂರಿನ ಮನೆ ಮಾರಬೇಡಿ. ಇಲ್ಲಿ ಸೈಟು ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗೆ ಇರಿ. ಯಜಮಾನರ ಕಂಪನಿ ನಾಳೆ 'ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ' ಅಂದರೆ? ಬೆಂಗಳೂರು ಇಲ್ಲಿಂದ ಸುಮಾರು 300 ಕಿಲೋಮೀಟರ್. ಬೆಳಗಿನ ಜಾವ ಜನಶತಾಬ್ದಿ ಹತ್ತಿದರೆ ಹತ್ತು ಗಂಟೆ ಹೊತ್ತಿಗೆ ಅಲ್ಲಿರಬಹುದು, ಸಂಜೆ ಅದರಲ್ಲೇ ವಾಪಸ್ ಬರಬಹುದು. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಗಿದೆ. ಆದರೂ ತಿಂಗಳಿಗೆ ಒಂದೆರಡು ಸಲ ಹೋಗಿ ಬರಬಹುದೇ ಹೊರತು, ವಾರಕ್ಕೆ ಮೂರು ದಿನ ಆಗದ ಮಾತು.

ಬರುವುದಾದರೆ ಜೂನ್ ಹೊತ್ತಿಗೆ ಬನ್ನಿ, ಮಗಳ ಶಾಲೆಗೂ ಅನುಕೂಲ. ನೀವು ಇದುವರೆಗೆ ಬಂದಿದ್ದೆಲ್ಲ ದಸರಾ ರಜೆಗೆ, ಮದುವೆಗೆ, ಅಲ್ವಾ? ಆಗ ಊರು ಚೆಂದ ಕಾಣುತ್ತದೆ. ಆಗುಂಬೆ, ತೀರ್ಥಹಳ್ಳಿಯ ಮಳೆಯ ಮುಂದೆ ಶಿವಮೊಗ್ಗದ ಮಳೆ ಏನೂ ಅಲ್ಲ, ನಿಜ. ಆದರೆ ಬೆಂಗಳೂರಿನಿಂದ ಬಂದವರಿಗೆ ಜಾಸ್ತಿಯೇ. ನನ್ನ ಮೊದಲ ಜುಲೈನಲ್ಲಿ ಮಗನ ಯೂನಿಫಾರ್ಮ್ ಮೂರು ದಿನವಾದರೂ ಒಣಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಎಳೆದೂ ಎಳೆದೂ ಒಣಗಿಸಿದೆ. ಕಾಲರ್ ಹತ್ತಿರ ಮಾತ್ರ ತೇವ ಹೋಗಲೇ ಇಲ್ಲ, ಹುಡುಗ ಕತ್ತು ಕೆರೆದುಕೊಂಡೇ ಶಾಲೆಗೆ ಹೋದ. ಇನ್ನು ಏಪ್ರಿಲ್ ಸೆಕೆ ನಿಮಗೆ ತಿಳಿದಿರಲಿಕ್ಕಿಲ್ಲ, ಬೆಂಗಳೂರಿಗಿಂತ ಹೆಚ್ಚೇ ಇರುತ್ತದೆ.

ಮನೆ ನೋಡುವಾಗ ಇನ್ನೊಂದು ಗಮನಿಸಿ. 2019ರ ಆಗಸ್ಟ್‌ನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಬ್ರೋಕರ್ ಮಾತು ಅಲ್ಲಿಗೇ ಬಿಟ್ಟು, ಪಕ್ಕದ ಮನೆಯವರನ್ನು ಕೇಳಿ: ಆ ವರ್ಷ ನೀರು ಎಲ್ಲಿವರೆಗೆ ಬಂತು? ಅವರು ಗೋಡೆ ಮೇಲೆ ಕೈಯಿಟ್ಟೇ ತೋರಿಸುತ್ತಾರೆ.

ಬಾಡಿಗೆ ಮನೆ ಕೇಳಲು ಹೋದರೆ ನಿಮ್ಮ ಜಾತಿ ಕೇಳುತ್ತಾರೆ, ಊಟ ಕೇಳುತ್ತಾರೆ. ಬೆಂಗಳೂರಿನಲ್ಲೂ ಕೇಳುತ್ತಾರೆ, ಇಲ್ಲಿ ಇನ್ನೂ ನೇರವಾಗಿ. ನನಗೆ ಇದು ಯಾವತ್ತೂ ಒಪ್ಪಿಗೆಯಾಗಿಲ್ಲ. 2022ರಲ್ಲಿ ಫೆಬ್ರವರಿಯಲ್ಲೂ ಆಗಸ್ಟ್‌ನಲ್ಲೂ ಕೋಮು ಗಲಾಟೆಯಾಗಿ ಊರಲ್ಲಿ ನಿಷೇಧಾಜ್ಞೆ ಇತ್ತು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದ ಬೀದಿ ನೋಡಿ ಹೊಟ್ಟೆ ಉರಿದಿತ್ತು. ಈ ಊರನ್ನು ಪ್ರೀತಿಸುತ್ತೇನೆ, ಅದಕ್ಕೇ ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯಲಾರೆ.

ಆಸ್ಪತ್ರೆ, ಶಾಲೆಗಳ ಬಗ್ಗೆ ಕೇಳಿದ್ದೀರಿ. ಮೆಡಿಕಲ್ ಕಾಲೇಜು ಇದೆ, ಮೆಗ್ಗಾನ್ ಆಸ್ಪತ್ರೆ ಇದೆ, ದಿನನಿತ್ಯಕ್ಕೆ ಏನೂ ತೊಂದರೆ ಇಲ್ಲ. ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ಜನ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗುತ್ತಾರೆ. ಶಾಲೆಗಳು ಚೆನ್ನಾಗಿವೆ, ಆ ಚಿಂತೆ ಬಿಡಿ.

ಹಾಗಾದರೆ ನೀವು ಯಾಕೆ ಉಳಿದಿರಿ ಅಂತ ಕೇಳಬಹುದು. ಒಂದು ಘಟನೆ ಹೇಳುತ್ತೇನೆ.

ತುಂಗಾ ನದಿಯಲ್ಲಿ, ಕೋರ್ಪಲಯ್ಯನ ಛತ್ರದ ಹತ್ತಿರ ಒಂದು ಕಲ್ಲು ಮಂಟಪ ಇದೆ. ಮಳೆಗಾಲದಲ್ಲಿ ಗಾಜನೂರು ಡ್ಯಾಮಿನಿಂದ ನೀರು ಬಿಟ್ಟಾಗ ಊರಿನವರೆಲ್ಲ ಅದನ್ನು ನೋಡಲು ಬರುತ್ತಾರೆ. ಮಂಟಪ ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ಎರಡನೇ ವರ್ಷದ ಮಳೆಗಾಲ. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸಂಜೆ ಆಫೀಸಿನಿಂದ ಬರುವಾಗ ಕೊಡೆ ಹಿಡಿದು ಒಬ್ಬಳೇ ನಿಂತಿದ್ದೆ. ಕೆಂಪು ನೀರು, ಅದರ ಮೇಲೆ ಮಂಟಪದ ತುದಿ ಮಾತ್ರ. ಪಕ್ಕದಲ್ಲಿ ಒಬ್ಬ ಅಜ್ಜಿ, ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ. 'ಇನ್ನೊಂದು ಗೇಣು ಇದೆ ನೋಡು, ನಾಳೆ ಹೊತ್ತಿಗೆ ಮುಳುಗುತ್ತೆ' ಅಂದರು. ನಾಲ್ಕು ದಿನ ಕಳೆದು ಹೂವಿನ ಅಂಗಡಿ ಮುಂದೆ ಅದೇ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. 'ಮುಳುಗ್ತು, ನೋಡಿದ್ಯಾ?' ಅವರಿಗೆ ನನ್ನ ಗಂಡ ಯಾರು ಅಂತ ಗೊತ್ತಿರಲಿಲ್ಲ. ಕೇಳಲೂ ಇಲ್ಲ.

ಯಜಮಾನರಿಗೆ ಈ ಪತ್ರ ಓದಲು ಕೊಡಿ. ಕೆಲಸ ಹುಡುಕುವ ವಿಷಯದಲ್ಲಿ ನನಗೆ ಗೊತ್ತಿರುವ ಒಂದಿಬ್ಬರು ಆಡಿಟರ್‌ಗಳನ್ನು ವಿಚಾರಿಸುತ್ತೇನೆ, ನಿಮ್ಮ ಅನುಭವದ ವಿವರ ಕಳುಹಿಸಿ. ಜುಲೈ ಹೊತ್ತಿಗೆ ನೀವು ಇಲ್ಲಿದ್ದರೆ ಫೋನ್ ಮಾಡಿ, ಮಂಟಪ ನೋಡಲು ಒಟ್ಟಿಗೆ ಹೋಗೋಣ.

ಇಂತಿ ನಿಮ್ಮ,
ಸಂಪಾದಕಿ