ಸ್ವಿಚ್ ಯಾರು ಆಫ್ ಮಾಡಿದರು?

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಅಹಮದಾಬಾದ್ ವಿಮಾನದ ಇಂಧನ ಸ್ವಿಚ್ ಆಫ್ ಆಗಿತ್ತು ಅಂತ ವರದಿಯಲ್ಲೇ ಇದೆ. ಪೈಲಟ್ ತಪ್ಪು ಅಂತ ಬರೆಯಲು ನಿಮಗೇನು ಭಯ? ಹೀಗೇ ಆದರೆ ಚಂದಾ ನಿಲ್ಲಿಸುತ್ತೇನೆ."

ನಿಮ್ಮ ಸಿಟ್ಟು ಸಹಜ. 2025ರ ಜೂನ್‌ನಲ್ಲಿ ಆ ಏರ್ ಇಂಡಿಯಾ ವಿಮಾನ ಬಿದ್ದು 260 ಜನ ಸತ್ತಿದ್ದಾರೆ. ಆದರೆ ಸ್ವಾಮಿ, ನೀವು ಅರ್ಧ ಓದಿದ್ದೀರಿ. "ಯಾಕೆ ಆಫ್ ಮಾಡಿದೆ" ಅಂತ ಒಬ್ಬ ಪೈಲಟ್ ಕೇಳಿದ್ದು ನಿಮಗೆ ನೆನಪಿದೆ. "ನಾನು ಮಾಡಿಲ್ಲ" ಅಂತ ಇನ್ನೊಬ್ಬರು ಅಂದದ್ದು ಎಲ್ಲಿ ಹೋಯಿತು? ಕೇಳಿದ್ದು ಯಾರು, ಉತ್ತರ ಕೊಟ್ಟದ್ದು ಯಾರು ಅಂತ ಕೂಡ ವರದಿಯಲ್ಲಿ ಇಲ್ಲ. ಅದು ತಿಂಗಳೊಳಗೆ ಕೊಟ್ಟ ಮೊದಲ ವರದಿ, ಅಷ್ಟೇ.

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಮ್ಮೆ ನಾಲ್ಕನೇ ಜ್ವರ (ಹುಳು ಪೊರೆ ಕಳಚುವ ಹಂತ) ದಾಟಿದ ರೇಷ್ಮೆ ಹುಳುಗಳು ಒಂದೇ ದಿನದಲ್ಲಿ ಸತ್ತವು. ಚಾಕಿ, ಅಂದರೆ ಮರಿ ಹುಳು, ಕೊಟ್ಟವನ ಮನೆ ಮುಂದೆ ನಿಂತು ಊರೆಲ್ಲ ಸೇರುವ ಹಾಗೆ ಬೈದು ಬಂದರು. ಆಮೇಲೆ ಗೊತ್ತಾಯಿತು, ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಗೆ ಬಂದು ನಮ್ಮ ಹಿಪ್ಪುನೇರಳೆಯ ಅಂಚಿನ ಸಾಲುಗಳ ಮೇಲೆ ಕೂತಿತ್ತು. ಚಾಕಿಯವನು ಮತ್ತೆಂದೂ ನಮ್ಮ ಮನೆಗೆ ಹುಳು ಕೊಡಲಿಲ್ಲ. ಅವನಿಗಾದರೂ ತಿರುಗಿ ಬೈಯಲು ಬಾಯಿತ್ತು.

1979ರಲ್ಲಿ ನ್ಯೂಜಿಲೆಂಡಿನ ವಿಮಾನವೊಂದು ಅಂಟಾರ್ಕ್ಟಿಕಾದ ಎರೆಬಸ್ ಬೆಟ್ಟಕ್ಕೆ ಬಡಿದು 257 ಜನ ಸತ್ತರು. ಮೊದಲ ತನಿಖೆ ಪೈಲಟ್‌ಗಳತ್ತಲೇ ಬೆರಳು ತೋರಿಸಿತು. 1981ರಲ್ಲಿ ನ್ಯಾಯಮೂರ್ತಿ ಮಹೋನ್ ಆಯೋಗ ಬೇರೆಯೇ ಹೇಳಿತು: ಕಂಪ್ಯೂಟರಿನಲ್ಲಿದ್ದ ದಾರಿಯನ್ನು ಕಂಪನಿಯವರೇ ಬದಲಾಯಿಸಿದ್ದರು, ಪೈಲಟ್‌ಗಳಿಗೆ ತಿಳಿಸಿರಲಿಲ್ಲ. ಅಷ್ಟು ದಿನ ಆ ಪೈಲಟ್‌ಗಳ ಮನೆಯವರು ಹೇಗೆ ತಲೆ ಎತ್ತಿ ಓಡಾಡಿರಬೇಕು?

ಪೈಲಟ್ ತಪ್ಪೇ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. 2010ರಲ್ಲಿ ಮಂಗಳೂರಿನಲ್ಲಿ 158 ಜನ ಸತ್ತದ್ದಕ್ಕೆ ಕ್ಯಾಪ್ಟನ್ ತೀರ್ಮಾನವೇ ಕಾರಣ ಅಂತ ತನಿಖೆ ಹೇಳಿತು. ಆದರೆ ಬ್ಲ್ಯಾಕ್ ಬಾಕ್ಸ್ ಕೇಳಿಸಿಕೊಂಡು ಹೇಳಿತು. ಟಿವಿ ಸ್ಟುಡಿಯೋದಲ್ಲಿ ಆಟಿಕೆ ವಿಮಾನ ಹಿಡಿದು ಅಲ್ಲ.

ನಮಗೆ ಇದು ಚಟವಾಗಿದೆ ಅಲ್ವಾ? ಕರೆಂಟ್ ಹೋದರೆ ಲೈನ್‌ಮನ್, ಬಸ್ ಮಗುಚಿದರೆ ಡ್ರೈವರ್. ಸವೆದ ಟೈರಿಗೆ ಸಹಿ ಹಾಕಿ ಕಳಿಸಿದವರ ಫೋಟೋ ಯಾವ ಪೇಪರಿನಲ್ಲಿ ನೋಡಿದ್ದೀರಿ? ವಿಮಾನ ತನಿಖೆ ಇರುವುದು ಮುಂದಿನ ಅಪಘಾತ ತಪ್ಪಿಸಲು, ತಪ್ಪು ಹೊರಿಸಲು ಅಲ್ಲ ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ನಮ್ಮೂರ ರಸ್ತೆಗೂ ಅಂಥದ್ದೊಂದು ಇದ್ದಿದ್ದರೆ!

ಪೂರ್ತಿ ವರದಿ ಬಂದಾಗ ಎರಡು ಪುಟ ಅದಕ್ಕೇ ಮೀಸಲು. ಪೈಲಟ್ ತಪ್ಪು ಅಂತಿದ್ದರೆ ಅದನ್ನೂ ದಪ್ಪ ಅಕ್ಷರದಲ್ಲೇ ಹಾಕುತ್ತೇನೆ. ಅಲ್ಲಿಯವರೆಗೆ ಚಂದಾ ನಿಲ್ಲಿಸಬೇಡಿ.